ಪಿಕ್ರಿಯಾ ಎದ್ದು ನಿಲ್ಲದ ದಿನ

ವೈನಿನ ಮಾದರಿ ತೆಗೆಯಲು ಬಂದ ಸರ್ಕಾರಿ ಅಧಿಕಾರಿ ಮಾಮುಕಾ ಬಾಟಲಿಗೆ ಮೊಹರು ಹಾಕಲು ಅರಗು ಕಾಯಿಸುತ್ತಿದ್ದ. ನಾನು ನಮ್ಮ ಒಂದನೇ ನಂಬರಿನ ಗುಡಾಣದ ಮೇಲೆ ಬಗ್ಗಿ, ಒಳಗಿನ ವೈನ್ ಎಷ್ಟು ತಿಳಿಯಾಗಿದೆ ನೋಡಿ ಎಂದು ಹೆಮ್ಮೆಯಿಂದ ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ನನ್ನ ಕನ್ನಡಕ ಜಾರಿ ಒಳಗೆ ಬಿತ್ತು.

ದೊಡ್ಡ ಸದ್ದೇನೂ ಆಗಲಿಲ್ಲ. ಬುಳಕ್ ಎಂದಿತು, ಅಷ್ಟೆ. ಆದರೆ ನಮ್ಮ ಕಡೆಯ ಗುಡಾಣವೆಂದರೆ ಕುತ್ತಿಗೆಯವರೆಗೂ ನೆಲದಲ್ಲಿ ಹೂತಿರುವಂಥದ್ದು. ಒಳಗಿಳಿದರೆ ನನ್ನಂಥವನು ತಲೆಯ ಮೇಲೆ ಇನ್ನೊಂದು ಮೊಳ ಮುಳುಗುತ್ತಾನೆ. ಕನ್ನಡಕ ಜೇನು ಬಣ್ಣದ ವೈನಿನಲ್ಲಿ ಅತ್ತ ಇತ್ತ ವಾಲುತ್ತ, ಕೆಳಗೆ ಯಾರಿಗೋ ಏನೋ ಓದಿ ಹೇಳಬೇಕಾಗಿದೆ ಎನ್ನುವ ಹಾಗೆ, ನಿಧಾನವಾಗಿ ಇಳಿದುಹೋಯಿತು.

ಮಾಮುಕಾ ಅರಗಿನ ಬಟ್ಟಲು ಕೆಳಗಿಟ್ಟು ಅರ್ಜಿಯ ಹಾಳೆಗಳನ್ನು ಮಗುಚಿದ. "ಬಾತೊನೊ ಜುಂಬೆರ್," ಎಂದ, ನಮ್ಮ ಕಡೆ ಹಾಗೆಂದರೆ ಯಜಮಾನರೇ ಎಂದ ಹಾಗೆ. "ಹೊರಗಿನ ವಸ್ತು ಅಂತ ಒಂದು ಕಾಲಂ ಇದೆ. ಬರೀಲೇಬೇಕಾಗುತ್ತೆ."

"ಅದು ಹೊರಗಿನದು ಹೇಗಾಗುತ್ತಪ್ಪ? ಹದಿನೈದು ವರ್ಷದಿಂದ ನನ್ನ ಮೂಗಿನ ಮೇಲೇ ಇದೆ."

ಗೋಡೆಗೆ ಒರಗಿ ನಿಂತಿದ್ದ ಪಕ್ಕದ ಮನೆಯ ಪಿಕ್ರಿಯಾ ಚಿಕ್ಕಮ್ಮ ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ ಹೇಳಿದಳು: "ಬರಕೋ ಮಾಮುಕಾ. ಕನ್ನಡಕ, ಒಂದು. ಓದೋದಕ್ಕೆ ಮಾತ್ರ, ದೂರಕ್ಕಲ್ಲ."

ನನ್ನ ಹೆಂಡತಿ ನಾಯಿರಾ ನಗು ತಡೆಯಲು ಸೆರಗಿಲ್ಲದ್ದರಿಂದ ಬಾಗಿಲಿನ ಪರದೆಯನ್ನೇ ಬಾಯಿಗೆ ತುರುಕಿಕೊಂಡಳು. ಸೋರೆಬುರುಡೆ ಕಟ್ಟಿದ ಉದ್ದನೆಯ ಸೌಟಿನಿಂದ ಅರ್ಧ ಗಂಟೆ ತಡಕಾಡಿ ಕನ್ನಡಕ ಮೇಲೆತ್ತಿದೆ. ಒಂದು ಕಡ್ಡಿ ಒಳಗೇ ಉಳಿಯಿತು. ಅದಕ್ಕೆ ಬೇರೆ ಕಾಲಂ ಇದೆಯೇ ಎಂದು ಮಾಮುಕಾ ಹುಡುಕತೊಡಗಿದ.

ನನಗೆ ಈ ಲೈಸೆನ್ಸಿನ ಉಸಾಬರಿ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನಾಯಿರಾ ಈಗಲೂ ಕೇಳುತ್ತಾಳೆ. ಮನೆಯಲ್ಲಿ ಮಾಡಿ ಮನೆಯವರೇ ಕುಡಿಯುವ ವೈನಿಗೆ ನಮ್ಮ ಕಾಖೇತಿ ಸೀಮೆಯಲ್ಲಿ ಯಾರೂ ಕಾಗದ ಕೇಳುವುದಿಲ್ಲ. ಆದರೆ ಬಾಟಲಿಯ ಮೇಲೆ ಊರಿನ ಹೆಸರು, ಅದರ ಕೆಳಗೆ ನಮ್ಮ ಹೆಸರು ಹಾಕಿ ಮಾರಬೇಕೆಂದರೆ ತೋಟದ ಸರ್ವೆ ನಂಬರಿನಿಂದ ಹಿಡಿದು ಬಾವಿ ನೀರಿನ ಪರೀಕ್ಷೆಯವರೆಗೆ ಹದಿನೇಳು ಕಾಗದ ಬೇಕು. ಇಪ್ಪತ್ತು ವರ್ಷದಿಂದ ಜಿಲ್ಲಾ ಪತ್ರಿಕೆಯಲ್ಲಿ ವಾರಕ್ಕೊಂದು ನಗೆಬರಹ ಬರೆಯುವ ನನಗೆ, ಹೆಸರು ಅಚ್ಚಾಗುವ ಚಟ ಪತ್ರಿಕೆಯಿಂದ ಬಾಟಲಿಗೂ ಹತ್ತಿಕೊಂಡಿತ್ತು. ಇಷ್ಟೇ ಕಾರಣ.

ಆ ದಿನ ಮುಖ್ಯವಾದದ್ದು ಕನ್ನಡಕವಲ್ಲ, ಎರಡನೇ ಗುಡಾಣ.

ಅದರ ಮುಚ್ಚಳದ ಕಲ್ಲು ಸರಿಸಿದ್ದೇ ತಡ, ಕೊಳೆತ ಮೊಟ್ಟೆಯ ನಾತ ಗುಪ್ಪೆಂದು ಮೇಲೆದ್ದಿತು. ಚಳಿಗಾಲದಲ್ಲಿ ನಾನು ಅದನ್ನು ಕದಡಬೇಕಾದಾಗ ಕದಡಿರಲಿಲ್ಲ. ಹೊಸ ವರ್ಷದ ವಿಶೇಷಾಂಕಕ್ಕೆ ಬರೆಯುತ್ತ ಕೂತಿದ್ದೆ. ನಾಯಿರಾ ಅಂಗಳಕ್ಕೆ ಓಡಿದಳು. ಮಾಮುಕಾ ಮುಖ ತಿರುಗಿಸಿ ತೋಳಿನಲ್ಲಿ ಮೂಗು ಹುದುಗಿಸಿದ. ಪಿಕ್ರಿಯಾ ಚಿಕ್ಕಮ್ಮ ಒಬ್ಬಳೇ ಬಗ್ಗಿದಳು. ಗುಡಾಣದ ಬಾಯಿಗೆ ಮುಖ ತಾಗುವಷ್ಟು ಬಗ್ಗಿ, ಎರಡು ಸಲ ನೀಳವಾಗಿ ಉಸಿರೆಳೆದು, "ಇದೂ ಪರವಾಗಿಲ್ಲ. ತಿಳಿಯಾಗಿದೆ" ಎಂದಳು.

ಆಮೇಲೆ ತಲೆಯೆತ್ತಿ ನಮ್ಮ ಮುಖ ನೋಡಿದಳು. ನೋಡಿದ ಮೇಲೆ ಅವಳ ಕೈ ಮೂಗಿಗೆ ಹೋಯಿತು.

ನನ್ನ ಕನ್ನಡಕ ಓದುವುದಕ್ಕೆ ಮಾತ್ರ. ದೂರದ್ದು ನನಗೆ ಚೆನ್ನಾಗಿ ಕಾಣಿಸುತ್ತದೆ.

ಈ ಚಿಕ್ಕಮ್ಮ ಯಾರೆಂದು ಹೇಳಿಬಿಡುತ್ತೇನೆ. ರಕ್ತಸಂಬಂಧವೇನಿಲ್ಲ, ಗೋಡೆಸಂಬಂಧ. ನಮ್ಮ ಎರಡು ಅಂಗಳಗಳ ನಡುವೆ ಎದೆಮಟ್ಟದ ಕಲ್ಲುಗೋಡೆ. ಅದರ ಮೇಲೆ ನಲವತ್ತು ವರ್ಷಗಳಿಂದ ರೊಟ್ಟಿ, ಗಿಣ್ಣು, ಚಾಡಿ ಎಲ್ಲವೂ ಓಡಾಡಿವೆ. ವಯಸ್ಸು ಅರವತ್ತಮೂರು. ಮೊದಲು ಸೋವಿಯತ್ ಕಾಲದ ವೈನ್ ಕಾರ್ಖಾನೆಯ ಲ್ಯಾಬಿನಲ್ಲಿ ಸೀಸೆ ತೊಳೆಯಲು ಸೇರಿದವಳು. ತೊಳೆಯುವ ಮುಂಚೆ ಮೂಸಿ, ಯಾವ ತೋಟದ್ದೆಂದು ತಮಾಷೆಗೆ ಹೇಳುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ. ದೊಡ್ಡ ಡಾಕ್ಟರುಗಳು ಕೂತಿದ್ದ ರುಚಿ ಮಂಡಳಿಗೆ ಹೀಗೆ ಸೀಸೆ ತೊಳೆಯುವ ಹುಡುಗಿ ಹೋಗಿ ಕೂತಳು. ಸರ್ಕಾರ ಬದಲಾಯಿತು, ಧ್ವಜ ಬದಲಾಯಿತು, ಮಂಡಳಿಯ ಹೆಸರು ಮೂರು ಸಲ ಬದಲಾಯಿತು. ಕುರ್ಚಿಯಲ್ಲಿ ಪಿಕ್ರಿಯಾ ಇದ್ದಳು.

ಮಂಡಳಿಯೆಂದರೆ ಐದು ಜನ. ಲ್ಯಾಬಿನ ಯಂತ್ರಕ್ಕೆ ಆಮ್ಲ, ಗಂಧಕ, ಮದ್ಯಸಾರದ ಲೆಕ್ಕ ಸಿಗುತ್ತದೆ. ವೈನ್ ಕುಡಿಯುವ ಹಾಗಿದೆಯೋ ಇಲ್ಲವೋ ಎನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕಾಗಿ ತೆಲಾವಿ ಪಟ್ಟಣದ ಒಂದು ಬಿಳಿ ಕೋಣೆಯಲ್ಲಿ ಇವರು ಕೂತು, ಬಟ್ಟೆಯ ಚೀಲದೊಳಗೆ ನಂಬರ್ ಕಟ್ಟಿ ತಂದಿಟ್ಟ ಬಾಟಲಿಗಳನ್ನು ಮೂಸಿ, ನೆಕ್ಕಿ, ಉಗುಳಿ, ಚೀಟಿ ಬರೆಯುತ್ತಾರೆ. ಯಾರ ವೈನ್ ಎಂದು ಯಾರಿಗೂ ಗೊತ್ತಿರಕೂಡದು. ಗೊತ್ತಾದರೆ ಎದ್ದು ಹೊರಗೆ ಹೋಗಬೇಕು ಎನ್ನುವ ನಿಯಮವೂ ಇದೆ. ಬಟ್ಟೆ ಸುತ್ತಿದ ಬಾಟಲಿ ಯಾರದ್ದೆಂದು ತಿಳಿಯುವುದಾದರೂ ಹೇಗೆ? ಹಾಗಾಗಿ ಆ ನಿಯಮ ಕಾಗದದ ಮೇಲೆ ಸುಮ್ಮನೆ ಮಲಗಿತ್ತು, ಪಿಕ್ರಿಯಾ ಚಿಕ್ಕಮ್ಮನೊಬ್ಬಳನ್ನು ಬಿಟ್ಟು ಉಳಿದವರ ಪಾಲಿಗೆ. ಅವಳು ಲೋಟ ಮೂಗಿನ ಹತ್ತಿರ ತಂದು, ಹಾಗೇ ಕೆಳಗಿಟ್ಟು, "ಇದು ನಮ್ಮೂರ ಮೇಲ್ಕೇರಿಯದು. ನಾನು ಹೊರಗಿರ್ತೀನಿ" ಎಂದು ಎದ್ದುಬಿಡುತ್ತಿದ್ದಳು. ಪಡಸಾಲೆಯ ಬೆಂಚಿನ ಮೇಲೆ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಒಳಗೆ ನಾಲ್ವರು ತೀರ್ಮಾನಿಸುತ್ತಿದ್ದರು. ಇಬ್ಬರು ಹೌದು, ಇಬ್ಬರು ಅಲ್ಲ ಎಂದರೆ ಇನ್ನೊಂದು ದಿನ ಮತ್ತೆ ರುಚಿ ನೋಡುತ್ತಿದ್ದರು. ಆ ವರ್ಷದ ತನಕ, ನಲವತ್ತು ವರ್ಷಗಳಲ್ಲಿ ನಮ್ಮೂರಿನ ಒಂದೇ ಒಂದು ವೈನಿಗೂ ಅವಳ ಕೈಬರಹದ ಚೀಟಿ ಬಂದಿರಲಿಲ್ಲ. ನಮ್ಮೂರಲ್ಲಿ ಎಷ್ಟು ಜೊತೆ ಕಾಲುಚೀಲಗಳಿವೆಯೋ ಅಷ್ಟು ಸಲ ಅವಳು ಎದ್ದಿದ್ದಾಳೆ.

ಆ ಮೂಗಿಗಾಗಿ ಅವಳು ಬಾಳಿದ ಬಾಳೂ ಕಠಿಣ. ಸೆಂಟಿಲ್ಲ, ಸೋಪೂ ವಾಸನೆಯಿಲ್ಲದ್ದು. ಮಂಡಳಿಯ ದಿನ ಬೆಳ್ಳುಳ್ಳಿ, ಈರುಳ್ಳಿ ಇಲ್ಲ. ಗಂಡ ಶಾಲ್ವಾ ಹೊಗೆಬತ್ತಿಯ ಗಿರಾಕಿ. ಮದುವೆಯ ಮರುದಿನವೇ, ಸೇದುವುದಾದರೆ ತೋಟದ ಆ ತುದಿಯ ಅಕ್ರೋಟು ಮರದ ಕೆಳಗೆ ಎಂದು ಕಟ್ಟಪ್ಪಣೆಯಾಯಿತು. ಮೂವತ್ತು ವರ್ಷ ಆ ಮನುಷ್ಯ ಊಟವಾದ ಮೇಲೆ ಮುನ್ನೂರು ಹೆಜ್ಜೆ ನಡೆದು, ಮರದಡಿ ಸೇದಿ, ಅಲ್ಲಿಂದಲೇ ಹೆಂಡತಿಗೆ ಕೈಬೀಸಿ, ಮುನ್ನೂರು ಹೆಜ್ಜೆ ವಾಪಸು ಬರುತ್ತಿದ್ದ. ಅವನು ತೀರಿಕೊಂಡು ಒಂಬತ್ತು ವರ್ಷ.

ಆ ಸಂಜೆ ನಾನು ಗೋಡೆಯ ಹತ್ತಿರ ಹೋದೆ. ಸುಮ್ಮನಿದ್ದರೆ ನನ್ನ ಕಸುಬಿಗೆ ಅವಮಾನ ನೋಡಿ, ಹಲ್ಲುಕಿರಿಯುತ್ತ ಕೇಳಿದೆ: "ಏನು ಚಿಕ್ಕಮ್ಮ, ಇವತ್ತು ಮೂಗಿಗೆ ರಜಾನಾ?"

ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ತೆಗೆಯುತ್ತಲೇ ಹೇಳಿದಳು: "ರಜಾ ಅಲ್ಲ ಬೀಚೋ. ನಿವೃತ್ತಿ."

ಬೀಚೋ ಅಂದರೆ ಹುಡುಗ. ನನಗೆ ಐವತ್ತೆರಡು.

ನಾನು ನಗಲು ಬಾಯಿ ತೆರೆದಿದ್ದೆ. ಹಾಗೇ ತೆರೆದುಕೊಂಡೇ ಇತ್ತು. ಅವಳು ಹೇಳಿದಳು. ಹೋದ ವರ್ಷದ ಚಳಿಗಾಲದ ಜ್ವರ. ಎಂಟು ದಿನ. ಜ್ವರ ಬಿಟ್ಟ ಭಾನುವಾರ ಅವಳು ಬಿಸ್ಕತ್ತಿನ ಡಬ್ಬಿ ತೆಗೆದಳಂತೆ. ಅದರಲ್ಲಿ ಶಾಲ್ವಾನ ಉಣ್ಣೆ ಟೋಪಿ ಇತ್ತು. ವಾರಕ್ಕೊಮ್ಮೆ ಮುಚ್ಚಳ ಚೂರೇ ಚೂರು ಎತ್ತಿ, ಒಂದು ಉಸಿರು ಎಳೆದು, ಟಪ್ಪೆಂದು ಮುಚ್ಚಿಬಿಡುವುದು ಅವಳ ರೂಢಿ.

"ಜಾಸ್ತಿ ಹೊತ್ತು ತೆಗೆದಿಟ್ರೆ ಖರ್ಚಾಗಿಹೋಗುತ್ತೆ ಅಂತ. ಆ ಭಾನುವಾರ ತೆಗೆದೆ, ಏನೂ ಬರಲಿಲ್ಲ. ಅಯ್ಯೋ, ಟೋಪಿ ಖಾಲಿಯಾಯ್ತಲ್ಲ ಅಂತ ಎರಡು ದಿನ ಅತ್ತೆ. ಮೂರನೇ ದಿನ ಒಲೆಯಲ್ಲಿ ರೊಟ್ಟಿ ಸೀದು ಕರಿ ಇದ್ದಲಾಯ್ತು, ನಾನು ಪಕ್ಕದಲ್ಲೇ ಕೂತಿದ್ದೆ, ಗೊತ್ತಾಗಲಿಲ್ಲ. ಆಗ ಸಮಾಧಾನ ಆಯ್ತು."

"ಸಮಾಧಾನ?"

"ಟೋಪಿ ಸರಿಯಾಗಿದೆ, ಕೆಟ್ಟಿರೋದು ನಾನು ಅಂತ."

ಡಾಕ್ಟರು ಕಾಯಲು ಹೇಳಿದ್ದರು. ಅವಳು ಕಾದಳು. ಕಾಯುತ್ತ ಒಂದು ವರ್ಷ ಮಂಡಳಿಯಲ್ಲೂ ಕೂತಳು. ಹೇಗೆ? ಬಣ್ಣ ನೋಡಿ, ಲೋಟದ ಗೋಡೆಯಲ್ಲಿ ವೈನ್ ಇಳಿಯುವ ರೀತಿ ನೋಡಿ. ಹುಳಿ, ಕಹಿ, ಒಗರು ನಾಲಗೆಗೆ ಇನ್ನೂ ತಿಳಿಯುತ್ತಿದ್ದವು. ಉಳಿದದ್ದಕ್ಕೆ ಕಿವಿ. "ಅಕ್ಕಪಕ್ಕದವರು ಉಸಿರು ಎಳೆಯೋದು ಕೇಳಿಸುತ್ತೆ. ಒಳ್ಳೇ ವೈನಾದ್ರೆ ಎರಡನೇ ಸಲ ಎಳೀತಾರೆ. ಕೆಟ್ಟದ್ದಾದ್ರೆ ಅರ್ಧಕ್ಕೇ ನಿಲ್ಲಿಸ್ತಾರೆ. ಇಷ್ಟು ವರ್ಷದಲ್ಲಿ ಅವರ ಮೂಗುಗಳೂ ನನಗೆ ಪಾಠ ಆಗಿವೆ."

"ಹಾಗಾದ್ರೆ ಇನ್ನೂ ಹತ್ತು ವರ್ಷ ದಬ್ಬಬಹುದಲ್ಲ!"

"ಜೂನ್‌ನಲ್ಲಿ ನಮಗೇ ಪರೀಕ್ಷೆ ಇದೆ. ಈ ಸಲ ಹೊಸ ನಿಯಮ. ಕಪ್ಪು ಗಾಜಿನ ಲೋಟ, ಒಬ್ಬೊಬ್ಬರಿಗೇ ಬೇರೆ ಕೋಣೆ." ಹುರುಳಿಕಾಯಿಯ ಬುಟ್ಟಿ ಪಕ್ಕಕ್ಕಿಟ್ಟಳು. "ಆ ಕುರ್ಚಿ ಬಿಟ್ರೆ ನನಗೆ ಬೆಳಗ್ಗೆ ಎದ್ದು ತಲೆ ಬಾಚಿಕೊಳ್ಳೋದಕ್ಕೆ ಕಾರಣ ಇಲ್ಲ ಜುಂಬೆರ್. ನೀನು ನನಗೆ ಹೇಳಿಕೊಡಬೇಕು."

"ನಾನಾ? ನನ್ನ ಮೂಗು ಕನ್ನಡಕ ಹಿಡಿದುಕೊಳ್ಳೋದಕ್ಕೂ ಆಗದ ಮೂಗು."

"ಇರೋದು ಅದೊಂದೇ."

ಹೀಗೆ ಮೇ ತಿಂಗಳ ಮೊದಲ ಎರಡು ವಾರ ನಾನು ಕಾಖೇತಿಯ ಅತ್ಯುತ್ತಮ ಮೂಗಿಗೆ ಮೇಷ್ಟ್ರಾದೆ. ದಿನಾ ಬೆಳಗ್ಗೆ ಅವಳ ಅಡುಗೆಮನೆಯಲ್ಲಿ ಆರು ಮಣ್ಣಿನ ಬಟ್ಟಲು. ಒಂದರಲ್ಲಿ ಮೆಂತ್ಯ, ಒಂದರಲ್ಲಿ ಒಣಗಿದ ಚೆಂಡುಹೂವಿನ ಪುಡಿ, ಕೊತ್ತಂಬರಿ, ಕಾಫಿ, ಕುರಿ ಗಿಣ್ಣು, ಸೀಮೆಎಣ್ಣೆ. ಅವಳು ಕಣ್ಣಿಗೆ ವಸ್ತ್ರ ಕಟ್ಟಿಕೊಂಡು ಕೂರುತ್ತಿದ್ದಳು. ನಾನು ಒಂದೊಂದೇ ಹಿಡಿದು, ಇದು ಇಂಥದ್ದು ಎಂದು ವರ್ಣಿಸಬೇಕು; ಅವಳು ನೆನಪಿನಿಂದ ಆ ವಾಸನೆಯನ್ನು ಮೂಗಿಗೆ ವಾಪಸು ಕರೆಯಬೇಕು. ಯಾರೋ ಡಾಕ್ಟರು ಹೇಳಿದ ಉಪಾಯ.

"ಕುರಿ ಗಿಣ್ಣು ಹೇಗಿದೆ ಹೇಳು."

"ಹೇಗಿದೆ ಅಂದ್ರೆ… ಕುರಿ ತರ. ಗಿಣ್ಣಿನ ತರ."

"ಇಪ್ಪತ್ತು ವರ್ಷ ಪತ್ರಿಕೆಗೆ ಬರೀತೀಯ, ಇಷ್ಟೇನಾ? ಸಂಪಾದಕ ಓದಿ ನೋಡ್ತಾನೋ ಹಾಗೇ ಹಾಕ್ತಾನೋ?"

ಬೈಯುವಾಗ ಅವಳಲ್ಲಿ ಹಳೆಯ ಹುರುಪು ಬರುತ್ತಿತ್ತು. ಆದರೆ ಹನ್ನೊಂದನೇ ದಿನವೂ ಸೀಮೆಎಣ್ಣೆಯ ಬಟ್ಟಲನ್ನು ಮೂಸಿ, ಬಹಳ ಹೊತ್ತು ಯೋಚಿಸಿ, "ಕೊತ್ತಂಬರಿ" ಎಂದಳು. ನಾನು ಹೌದು ಎಂದೆ. ಅವಳು ವಸ್ತ್ರ ಬಿಚ್ಚಿ ಬಟ್ಟಲು ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ಎದ್ದು ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದಳು.

"ಬೇಗ ನೋಡು. ಒಂದೇ ಉಸಿರು."

ಮುಚ್ಚಳ ಎರಡು ಬೆರಳಷ್ಟು ಎತ್ತಿದಳು. ನಾನು ಮೂಗು ತೂರಿಸಿದೆ. ಮುಚ್ಚಿದಳು.

"ಏನಿದೆ?"

"ಹೊಗೆಸೊಪ್ಪು," ಎಂದೆ. ಮನುಷ್ಯ ಹೊಗೆಬತ್ತಿ ಸೇದುತ್ತಿದ್ದ, ತಪ್ಪಲಾರದು ಎಂಬ ಧೈರ್ಯ. "ಚೆನ್ನಾಗಿ ಬರ್ತಿದೆ, ಚಿಕ್ಕಮ್ಮ."

"ಟೋಪಿ ಹಾಕ್ಕೊಂಡು ಅವನು ಯಾವತ್ತೂ ಸೇದಲಿಲ್ಲ. ಕೊಂಬೆಗೆ ಸಿಕ್ಕಿಸಿ ಸೇದೋನು, ನನಗೆ ತಾಗಬಾರದು ಅಂತ." ಡಬ್ಬಿ ಅವಳ ಮಡಿಲಲ್ಲಿತ್ತು. "ನಿಜ ಹೇಳು. ಏನಿದೆ?"

"ಡಬ್ಬಿ ವಾಸನೆ," ಎಂದೆ. "ತಗಡಿನದು. ಅಷ್ಟೆ."

ಅವಳು ತಲೆಯಾಡಿಸಿದಳು. ಮುಚ್ಚಳ ಮುಚ್ಚಿಯೇ ಇತ್ತು, ಆದರೂ ಇನ್ನೊಂದು ಸಲ ಒತ್ತಿದಳು, ಸುತ್ತಲೂ, ಮೂಲೆ ಮೂಲೆಯನ್ನೂ.

ಅಂಥ ಹೊತ್ತಿನಲ್ಲಿ ಏನಾದರೂ ಬೇರೆ ಮಾತಾಡಬೇಕು ಎನಿಸುತ್ತದಲ್ಲ, ನಾನು ಕಿಟಕಿಯ ಆಚೆ ನೋಡಿ, "ಬದ್ರಿ ಮನೇಲಿ ಹೊಗೆ ಏಳ್ತಿದೆ. ಭಟ್ಟಿ ಹಚ್ಚಿದಾನೆ" ಎಂದೆ.

"ಮೇ ತಿಂಗಳಲ್ಲಿ ಭಟ್ಟಿನಾ? ದ್ರಾಕ್ಷಿ ಹಿಂಡಿದ ಚರಟ ಎಲ್ಲ ಆಗಲೇ ಇಳಿಸಿಯಾಗಿರುತ್ತಲ್ಲ."

"ಚರಟ ಅಲ್ಲ, ವೈನನ್ನೇ ಸಾರಾಯಿ ಇಳಿಸ್ತಾನಂತೆ. ಮಂಡಳಿಯಲ್ಲಿ ಬಿದ್ದುಹೋಯ್ತಲ್ಲ, ಆ ದೊಡ್ಡ ಗುಡಾಣದ್ದು." ಇಲ್ಲಿಗೆ ನಿಲ್ಲಿಸಬಹುದಿತ್ತು. "ನೀನೇ ಬರೆದಿದ್ದೀಯಲ್ಲ ಚಿಕ್ಕಮ್ಮ, ಇಲಿ ಅಂತ."

ಈ ಇಲಿಯ ವಿಷಯ ಹೇಳಬೇಕು. ವೈನ್ ಕೆಡುವ ದಾರಿಗಳಲ್ಲಿ ಅತಿ ನಾಚಿಕೆಗೇಡಿನದು ಅದು. ಲೋಟದಲ್ಲಿ ಗೊತ್ತಾಗುವುದಿಲ್ಲ, ಬಾಯಿಗೆ ಹಾಕಿದ ಮೇಲೆ ಗಂಟಲ ಹಿಂದಿನಿಂದ ಇಲಿಗೂಡಿನ ವಾಸನೆ ಮೇಲೆ ಬರುತ್ತದೆ. ಯಂತ್ರಕ್ಕೆ ಸಿಗುವುದಿಲ್ಲ, ಎಲ್ಲ ಮೂಗಿಗೂ ಸಿಗುವುದಿಲ್ಲ. ಕೆಳಗಿನ ಬೀದಿಯ ಬದ್ರಿಯ ವೈನ್ ಏಪ್ರಿಲ್‌ನಲ್ಲಿ ಎರಡರ ಎದುರು ಮೂರು ಮತಗಳಿಂದ ತಿರಸ್ಕೃತವಾಗಿ, ಚೀಟಿಗಳ ನಕಲು ಮನೆಗೆ ಬಂದಾಗ, ಅದರಲ್ಲಿ ಒಂದರ ಮೇಲೆ ಪಿಕ್ರಿಯಾಳ ದುಂಡು ಅಕ್ಷರದಲ್ಲಿ "ಇಲಿ" ಎಂದಿತ್ತು. ಊರಿಗೆ ಊರೇ ಬೆರಗಾಯಿತು. ನಲವತ್ತು ವರ್ಷದಲ್ಲಿ ಮೊದಲ ಸಲ ಪಿಕ್ರಿಯಾ ನಮ್ಮೂರಿನ ವೈನಿಗೆ ಎದ್ದು ಹೋಗದೆ ಕೂತಿದ್ದಾಳೆ! ಅಂದರೆ ಎಷ್ಟು ಕೆಟ್ಟಿರಬೇಕು, ನಮ್ಮೂರಿನದೆಂದು ಒಪ್ಪಿಕೊಳ್ಳುವುದಕ್ಕೂ ಅವಳಿಗೆ ನಾಚಿಕೆಯಾಗಿರಬೇಕು ಎಂದು ಎಲ್ಲರೂ ಅರ್ಥ ಮಾಡಿಕೊಂಡೆವು. ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದಿತ್ತು. ಪಿಕ್ರಿಯಾಳ ಮೂಗಿನ ಮೇಲೆ ಮೇಲ್ಮನವಿಯೇ? ಬದ್ರಿ ಹಾಕಲಿಲ್ಲ. ಅವಳಿಗೆ ಬೇಸರವಾದೀತೆಂದು ಯಾರೂ ಅವಳೆದುರು ಮಾತೂ ಎತ್ತಲಿಲ್ಲ. ನಾನು ಮಾತ್ರ ಆ ಚೀಟಿಯ ನಂಬರನ್ನೇ ಶೀರ್ಷಿಕೆ ಮಾಡಿ, ಹೆಸರು ಹಾಕದೆ, "ನೂರ ಹದಿನೇಳನೇ ಇಲಿ" ಎಂದು ಅಂಕಣ ಬರೆದೆ. ಆ ನೆಲಮಾಳಿಗೆಯಲ್ಲಿ ಕೆಲಸ ಕೇಳಿಕೊಂಡು ಜಿಲ್ಲೆಯ ಬೆಕ್ಕುಗಳೆಲ್ಲ ಅರ್ಜಿ ಹಾಕುತ್ತಿವೆ ಎಂದು. ಜನ ಬಿದ್ದು ಬಿದ್ದು ನಕ್ಕರು. ಸಂತೆಯಲ್ಲಿ ಬದ್ರಿಯನ್ನು ಕಂಡರೆ ಮಿಯಾಂವ್ ಎನ್ನತೊಡಗಿದರು. ಆ ವಾರದ ಪತ್ರಿಕೆ ಚಿಕ್ಕಮ್ಮನ ಮನೆಗೆ ಮಾತ್ರ ಹೋಗದ ಹಾಗೆ ನೋಡಿಕೊಂಡಿದ್ದೆ.

"ಆ ಚೀಟಿಯ ನಂಬರ್ ಎಷ್ಟು?" ಚಿಕ್ಕಮ್ಮ ಕೇಳಿದಳು.

"ನೂರ ಹದಿನೇಳು."

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ನೂರ ಹದಿನೇಳು," ಎಂದಳು. "ಬಣ್ಣ ಚೆನ್ನಾಗಿತ್ತು. ಒಗರು ಸರಿಯಾಗಿತ್ತು. ಬಾಯಿಗೆ ಹಾಕಿದ ಮೇಲೆ ಪಕ್ಕದ ಕುರ್ಚಿಯ ಓತಾರ್ ಎರಡು ಸಲ ಗಂಟಲು ಕೆರೆದ. ಇಲಿ ಬಂತು ಅಂದ್ಕೊಂಡು ಬರೆದೆ. ಊಟದ ಹೊತ್ತಿಗೂ ಕೆಮ್ಮುತಿದ್ದ. ಶೀತ ಆಗಿತ್ತು ಅವನಿಗೆ."

ನಾವಿಬ್ಬರೂ ಹೊಗೆಯನ್ನೇ ನೋಡಿದೆವು.

"ಅದು ಬದ್ರಿದು ಅಂತ ನನಗೆ ಗೊತ್ತಾಗಲಿಲ್ಲ ಜುಂಬೆರ್. ಬದ್ರಿ ತೋಟದ್ದು. ಅವನಪ್ಪ ಆ ಬಳ್ಳಿ ನೆಡುವಾಗ ನಾನು ನೀರು ಹೊತ್ತಿದ್ದೆ. ನನ್ನ ಮುಂದೆ ಇಟ್ರು, ನನಗೆ ಗೊತ್ತಾಗಲಿಲ್ಲ. ಕೂತೇ ಇದ್ದೆ."

ಎದ್ದು ಮೆಟ್ಟು ಹಾಕಿಕೊಂಡಳು. ನಾನು ಅಡ್ಡ ನಿಂತೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನು ಅಡ್ಡ ನಿಂತು, "ಹೇಳಿದ್ರೆ ನಿನ್ನ ಕುರ್ಚಿ ಹೋಗುತ್ತೆ. ವರ್ಷದ ಸರ್ಟಿಫಿಕೇಟ್ ಎಲ್ಲ ತೆಗೆಸಿ ನೋಡ್ತಾರೆ. ಜೂನ್ ತನಕ ಸುಮ್ಮನಿದ್ದು, ಮಂಡಿನೋವು ಅಂತ ರಾಜೀನಾಮೆ ಕೊಡು" ಎಂದೆ.

"ಜೂನ್ ಹೊತ್ತಿಗೆ ಅದು ಸಾರಾಯಿ ಆಗಿರುತ್ತೆ," ಎಂದು ನನ್ನನ್ನು ಬಾಗಿಲಿನಿಂದ ಸರಿಸಿ ಹೊರಟಳು.

ಬದ್ರಿಯ ಅಂಗಳದಲ್ಲಿ ತಾಮ್ರದ ಭಟ್ಟಿ ಕುದಿಯುತ್ತಿತ್ತು. ಕೊಳವೆಯಿಂದ ಸಾರಾಯಿ ದಾರದಂತೆ ಇಳಿಯುತ್ತಿತ್ತು. ಬದ್ರಿ ಆರಡಿ ಎತ್ತರದ ಆಳು; ನಮ್ಮನ್ನು ಕಂಡು ಬಕೆಟ್ಟು ಕೆಳಗಿಟ್ಟು, ತಾನೇ ತಪ್ಪು ಮಾಡಿದವನಂತೆ ಕೈ ಒರೆಸಿಕೊಂಡ.

"ಬನ್ನಿ ಚಿಕ್ಕಮ್ಮ. ಇಲಿ ಓಡಿಸ್ತಾ ಇದೀನಿ," ಎಂದು ನನ್ನ ಕಡೆ ನೋಡಿ, "ಬಾರಯ್ಯ, ಬೆಕ್ಕುಗಳ ದಲ್ಲಾಳಿ. ಇನ್ನೊಂದು ಅಂಕಣ ಬರೀತೀಯಾ?" ಎಂದ.

"ಬೆಂಕಿ ತೆಗಿ ಬದ್ರಿ," ಚಿಕ್ಕಮ್ಮ ಹೇಳಿದಳು. "ನಿನ್ನ ವೈನ್ ಕೆಟ್ಟಿಲ್ಲ. ನಾನು ತಪ್ಪು ಬರೆದೆ. ನನಗೆ ವಾಸನೆ ಬರಲ್ಲ. ವರ್ಷದ ಮೇಲಾಯ್ತು."

ಬದ್ರಿ ನಕ್ಕ. ಆಮೇಲೆ ನಗು ನಿಲ್ಲಿಸಿ, ದೊಡ್ಡವರ ಸಂಕಟ ಕಂಡಾಗ ಮಾತಾಡುವ ಮೆತ್ತಗಿನ ದನಿಯಲ್ಲಿ ಹೇಳಿದ: "ನನಗೋಸ್ಕರ ಹೀಗೆಲ್ಲ ಹೇಳಬೇಡಿ, ಚಿಕ್ಕಮ್ಮ. ನೀವು ಇಲಿ ಅಂದ್ರೆ ಇಲಿ. ನಾನೂ ಆಮೇಲೆ ಕುಡಿದು ನೋಡ್ದೆ, ಹೌದು ಅನ್ನಿಸ್ತು. ದಿನಾ ರಾತ್ರಿ ಕುಡಿದು ನೋಡಿದೀನಿ, ದಿನಾ ಇಲಿ ಬಂತು. ಈಗ ನನಗೆ ರೊಟ್ಟೀಲೂ ಬರುತ್ತೆ."

"ಅದು ಚೀಟಿಯ ಇಲಿ. ವೈನಿನದಲ್ಲ."

ಅವನು ನಂಬಲಿಲ್ಲ. ಭಟ್ಟಿಗೆ ಇನ್ನೊಂದು ಸೌದೆ ಇಡಲು ಬಗ್ಗಿದ. ಆಗ ಅವಳು ಅವನ ಹೆಂಡತಿ ಲೆಲಾಳನ್ನು ಕರೆದಳು. "ಎರಡು ಲೋಟದಲ್ಲಿ ನೀರು ತಾ. ಒಂದಕ್ಕೆ ನೀನು ಹಚ್ಚಿಕೊಳ್ಳೋ ಗುಲಾಬಿ ಸೆಂಟು ಹಾಕು. ಜಾಸ್ತೀನೇ ಹಾಕು. ಬದ್ರಿ, ಕಣ್ಣು ಕಟ್ಟು ನನಗೆ."

ಯಾರೂ ಅಲುಗಲಿಲ್ಲ. ಕೊನೆಗೆ ತಾನೇ ತಲೆವಸ್ತ್ರ ಬಿಚ್ಚಿ ಕಣ್ಣಿಗೆ ಕಟ್ಟಿಕೊಂಡಳು. ಅವಳ ನೆರೆತ ಕೂದಲನ್ನು ನಾನು ಅಷ್ಟು ವರ್ಷದಲ್ಲಿ ನೋಡಿದ್ದು ಅದೇ ಮೊದಲು, ನೀಟಾಗಿ ಬಾಚಿತ್ತು. ಲೆಲಾ ಲೋಟಗಳನ್ನು ತಂದಳು. ಅಂಗಳಕ್ಕೆಲ್ಲ ಗುಲಾಬಿಯ ಘಾಟು ಹರಡಿ ನನಗೇ ಸೀನು ಬಂತು. ಚಿಕ್ಕಮ್ಮ ಒಂದು ಲೋಟ ಮೂಸಿದಳು. ಇನ್ನೊಂದನ್ನು ಮೂಸಿದಳು. ಮತ್ತೆ ಮೊದಲನೆಯದು. ಅವಳು ಸುಮ್ಮನೆ ನಟಿಸುತ್ತಿರಲಿಲ್ಲ. ಇಲ್ಲಾದರೂ ಸಿಕ್ಕೀತೇನೋ ಎಂದು ಪ್ರಾಣ ಮೂಗಿಗೆ ತಂದು ಹುಡುಕುತ್ತಿದ್ದಳು. ಅದು ನಮ್ಮೆಲ್ಲರಿಗೂ ಕಾಣುತ್ತಿತ್ತು.

"ಇದು," ಎಂದು ಬರಿ ನೀರಿನ ಲೋಟ ಮುಂದೆ ಚಾಚಿದಳು.

ಲೆಲಾ ಮುಖ ಮುಚ್ಚಿಕೊಂಡು ಅತ್ತಳು. ಬದ್ರಿ ಬಕೆಟ್ಟಿನಲ್ಲಿದ್ದ ವೈನನ್ನು ಗುಡಾಣಕ್ಕೆ ವಾಪಸು ಸುರಿದು, ನೀರು ತಂದು ಒಲೆಗೆ ಹಾಕಿದ. ಅಷ್ಟು ಹೊತ್ತಿಗೆ ಅರ್ಧ ಗುಡಾಣ ಹೋಗಿಯಾಗಿತ್ತು. ಮೇಲ್ಮನವಿಗೆ ನಾಲ್ಕು ದಿನ ಉಳಿದಿತ್ತು. ಅಲ್ಲೇ, ಭಟ್ಟಿಯ ಪಕ್ಕದ ಕಟ್ಟೆಯ ಮೇಲೆ ಕೂತು, ಚಿಕ್ಕಮ್ಮ ತನ್ನ ವಿರುದ್ಧದ ಮೇಲ್ಮನವಿಯನ್ನು ತಾನೇ ತುಂಬಿದಳು. ಊರಿನ ಅರ್ಜಿಗಳನ್ನೆಲ್ಲ ತುಂಬಿಕೊಡುವುದು ಅವಳೇ ತಾನೆ. ಬದ್ರಿ ಸಹಿ ಮಾಡಬೇಕಾದ ಜಾಗಕ್ಕೆ ಗೆರೆ ಎಳೆದು ತೋರಿಸಿದಳು. ಅವನು ಸಹಿ ಮಾಡುವಾಗ ಅವಳ ಮುಖ ನೋಡಲಿಲ್ಲ.

ಮರುದಿನ ತನ್ನ ರಾಜೀನಾಮೆಯ ಅರ್ಜಿ ತರಿಸಿದಳು. ಕಾರಣ ಎಂಬ ಕಡೆ ಮೂರೇ ಚೌಕಗಳಿದ್ದವು: ವಯಸ್ಸು, ವರ್ಗಾವಣೆ, ಮರಣ. ಬಹಳ ಹೊತ್ತು ನೋಡಿದಳು. "ಮೂರನೇದು ಹತ್ತಿರ ಇದೆ, ಆದ್ರೆ ಸುಳ್ಳಾಗುತ್ತೆ" ಎಂದು ಹೇಳಿ, ಅಂಚಿನಲ್ಲಿ "ವಾಸನೆ ಬರುವುದಿಲ್ಲ" ಎಂದು ಕೈಯಾರೆ ಬರೆದಳು. ಜೊತೆಗೆ ಹನ್ನೊಂದು ನಂಬರುಗಳ ಪಟ್ಟಿ. ಆ ವರ್ಷ ಪಕ್ಕದವರ ಉಸಿರು ಕೇಳಿ ಬರೆದ ಚೀಟಿಗಳು ಅವಳಿಗೆ ಒಂದೊಂದೂ ನೆನಪಿದ್ದವು. ಹನ್ನೊಂದು ಮನೆಯವರ ವೈನಿಗೂ ಮತ್ತೆ ಮಾದರಿ ತೆಗೆದರು. ಬೈದವರೂ ಇದ್ದರು, ಬಾಗಿಲಿಗೆ ಬಂದು. ಅವಳು ಎದ್ದು ನಿಂತು ಬೈಸಿಕೊಂಡಳು.

ಬದ್ರಿಯ ಅರ್ಧ ಗುಡಾಣಕ್ಕೆ ಮರುಪರೀಕ್ಷೆಯಲ್ಲಿ ಸರ್ಟಿಫಿಕೇಟ್ ಸಿಕ್ಕಿತು. ನಾನು ಅಂಕಣದಲ್ಲಿ ತಪ್ಪೊಪ್ಪಿಗೆ ಬರೆದೆ. ನಗು ಬರುವ ಹಾಗೆ ಬರೆಯಲು ನಾಲ್ಕು ಸಲ ಯತ್ನಿಸಿ, ಕೊನೆಗೆ ಬಾರದ ಹಾಗೇ ಕಳಿಸಿದೆ. ಆದರೂ ಸಂತೆಯಲ್ಲಿ ಮಿಯಾಂವ್ ನಿಲ್ಲಲು ಇನ್ನೊಂದು ವರ್ಷ ಬೇಕಾಯಿತು.

ಜೂನ್ ಬಂತು. ಮಂಡಳಿಯ ದಿನಗಳಲ್ಲಿ ತೆಲಾವಿಗೆ ಹೋಗುವ ಬೆಳಗಿನ ವ್ಯಾನು ಅಭ್ಯಾಸಬಲದಿಂದ ಅವಳ ಮನೆಯ ಮುಂದೆ ನಿಂತು, ನೆನಪಾಗಿ ಹೊರಡುತ್ತಿತ್ತು. ಊರಿನ ಔತಣಗಳಲ್ಲಿ ಹೊಸ ಗುಡಾಣದ ಮೊದಲ ಲೋಟ ಯಾವಾಗಲೂ ಅವಳಿಗೆ ಹೋಗುತ್ತಿತ್ತು. ಅವಳು ಮೂಸಿ ತಲೆಯಾಡಿಸಿದ ಮೇಲೆಯೇ ಉಳಿದವರಿಗೆ. ಈಗಲೂ ಬಡಿಸುವವನ ಕೈ ಅವಳ ಕಡೆಗೇ ಹೊರಡುತ್ತಿತ್ತು, ಅರ್ಧ ದಾರಿಯಲ್ಲಿ ತಡೆದು, ಪಕ್ಕದವರ ಕಡೆ ತಿರುಗುತ್ತಿತ್ತು. ಅವಳು ಆ ಹೊತ್ತಿಗೆ ಸರಿಯಾಗಿ ರೊಟ್ಟಿ ಮುರಿಯುವುದರಲ್ಲಿ ಮುಳುಗಿರುತ್ತಿದ್ದಳು. ಇದಕ್ಕಿಂತ ಕೆಟ್ಟದ್ದು ಜನರ ಒಳ್ಳೆಯತನ. "ಚಿಕ್ಕಮ್ಮ, ಇವತ್ತು ಲಿಂಡನ್ ಹೂವಿನ ಘಮ ಎಷ್ಟು ಬರ್ತಿದೆ ಗೊತ್ತಾ!" ಎಂದು ಹೆಂಗಸರು ನಿಂತು ನಿಂತು ಹೇಳಿ ಹೋಗುತ್ತಿದ್ದರು. ಅವಳು ಥ್ಯಾಂಕ್ಸ್ ಹೇಳುತ್ತಿದ್ದಳು. ಬಿಸ್ಕತ್ತಿನ ಡಬ್ಬಿಯಲ್ಲಿ ಈಗ ಹೆಣಿಗೆಯ ಕಡ್ಡಿಗಳಿವೆ. ಟೋಪಿ ಅಕ್ರೋಟು ಮರದ ಕೊಂಬೆಗೆ ನೇತಾಡುತ್ತಿರುವುದನ್ನು ನಾನು ನೋಡಿದ್ದೇನೆ. ಏನೆಂದು ಕೇಳಲಿಲ್ಲ. ಮಳೆ ಬಂದ ದಿನ ಒ‍ಳಗೆ ತರುತ್ತಾಳೆ.

ಜುಲೈ ಮೊದಲ ವಾರ ನನ್ನ ಸರ್ಟಿಫಿಕೇಟ್ ಬಂತು. ಎರಡನೇ ಗುಡಾಣ ಬಿದ್ದಿತ್ತು, ಬೀಳಬೇಕಾದ್ದೇ. ಒಂದನೆಯದು ಐದಕ್ಕೆ ಐದು ಮತದಲ್ಲಿ ಪಾಸಾಗಿತ್ತು. ಪಿಕ್ರಿಯಾಳ ಕುರ್ಚಿಯಲ್ಲಿ ಕೂತ ಹೊಸಬ ಯಾರೋ ದುಂಡಗಿಲ್ಲದ ಅಕ್ಷರದಲ್ಲಿ "ಉತ್ತಮ" ಎಂದು ಬರೆದಿದ್ದ. ನನ್ನ ಹೆಸರಿನ ಲೇಬಲ್ ಅಂಟಿಸಿದ ಮೊದಲ ಬಾಟಲಿಯನ್ನು ಹಿಡಿದು ಗೋಡೆಯ ಹತ್ತಿರ ಹೋದೆ. ಊರವರ ಕೈ ಅರ್ಧ ದಾರಿಯಲ್ಲಿ ತಿರುಗುವುದನ್ನು ಒಂದು ತಿಂಗಳಿಂದ ನೋಡಿದ್ದೆ; ನನ್ನದು ತಿರುಗಬಾರದು ಎಂದು ಮನಸ್ಸು ಗಟ್ಟಿಮಾಡಿಕೊಂಡು, ಲೋಟ ತುಂಬಿ, ಅವಳ ಮುಂದೆ ಹಿಡಿದೆ.

ಅವಳು ತೆಗೆದುಕೊಂಡಳು. ಹಳೆಯ ರೂಢಿಯಂತೆ ಲೋಟ ಮೂಗಿನ ಹತ್ತಿರ ಹೋಗಿ, ಅಲ್ಲಿ ಒಂದು ಕ್ಷಣ ನಿಂತು, ಕೆಳಗಿಳಿಯಿತು. ಒಂದು ಗುಟುಕು ಕುಡಿದಳು. ಆಮೇಲೆ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತಿರುಗಿಸಿ ತಿರುಗಿಸಿ, ತಳದವರೆಗೂ ನೋಡಿದಳು. ಮಂಡಳಿಯಲ್ಲಿ ಹೀಗೇ ನೋಡುತ್ತಿದ್ದಳೇನೋ.

"ಹೇಗಿದೆ, ಚಿಕ್ಕಮ್ಮ?" ಎಂದೆ.

"ಕನ್ನಡಕ ಇಲ್ಲ," ಎಂದಳು.